ಕಂಪ್ಯೂಟರಿಗೆ ಮರಗಸಿ

“ಪ್ರೇಮಾ, ನೀನು ನಿಶ್ಚಿಂತೆಯಿಂದ ಹೋಗಿ ಕಡುಬು ಬೇಯಿಸು. ನೀನು ಪಾತ್ರೆ ಇಳಿಸೋದ್ರೊಳಗೆ ಈ ಕಂಪ್ಯೂಟರಿನ ಹೊಟ್ಟೆ ಹಗುರ ಮಾಡಿ ಕೊಡ್ತೀನಿ. ಇಡೀ ಗೋಣಿಬೀಡಲ್ಲಿ ಈ ವಿದ್ಯೆ ಗೊತ್ತಿರೋನು ನಾನೊಬ್ಬನೇ, ತಿಳ್ಕೋ!”

ಹೀಗೆಂದು ಘೋಷಿಸಿ ಪರಮೇಶ್ವರಪ್ಪನವರು ಪಂಚೆ ಮೇಲೆತ್ತಿ ಕಟ್ಟಿ ಕಂಪ್ಯೂಟರಿನ ಮುಂದೆ ಕೂತರು. ಆ ಠೀವಿ ನೋಡಿದ್ದರೆ ಕೋಟೆ ಮುತ್ತಲು ಹೊರಟ ಪಾಳೆಗಾರನೂ ದಾರಿ ಬಿಡಬೇಕಿತ್ತು! ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಅದು ಎರಡು ಸಾವಿರದ ಎರಡನೆಯ ಇಸವಿ. ಗೋಣಿಬೀಡಿನ ಸುತ್ತಮುತ್ತ ಕಂಪ್ಯೂಟರ್ ಇದ್ದ ಮನೆಗಳೇ ಬೆರಳೆಣಿಕೆಯಷ್ಟು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ.

ಇವರ ಕಂಪ್ಯೂಟರ್ ಪಾಂಡಿತ್ಯದ ಮೂಲ ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರಿಗೆಂದು ನಡೆದ ಒಂದು ತರಬೇತಿ ಶಿಬಿರ. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನ ಭರ್ಜರಿ ಊಟ, ಸಂಜೆ ಸಮಾರೋಪ. ನಡುವೆ ಸಿಕ್ಕ ಚೂರುಪಾರು ಬಿಡುವಿನಲ್ಲಿ ಯಾರೋ ಕಂಪ್ಯೂಟರನ್ನೂ ತೋರಿಸಿದ್ದರು. ಊಟಕ್ಕೆ ಕೂತವರಿಗೆಲ್ಲ ಪ್ರಮಾಣಪತ್ರ ಸಿಕ್ಕಿತ್ತು. ನಮ್ಮವರು ಅದಕ್ಕೆ ಗಾಜು ಹಾಕಿಸಿ ಕಂಪ್ಯೂಟರಿನ ನೆತ್ತಿಯ ಮೇಲೇ ತೂಗುಹಾಕಿದ್ದರು. ತನ್ನ ಯಜಮಾನ ಎಂಥವನೆಂದು ಅದಕ್ಕೂ ಗೊತ್ತಿರಲಿ ಅಂತ!

ಆದರೆ ಆ ಕಂಪ್ಯೂಟರಿನಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಅವರ ಹೆಂಡತಿ ಪ್ರೇಮಕುಮಾರಿ. ಆಕೆ ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದರು. ಮೊದಲೆಲ್ಲ ಪೆನ್ನಿನಲ್ಲಿ, ಕಾರ್ಬನ್ ಹಾಳೆ ಇಟ್ಟು, ಅಚ್ಚುಕಟ್ಟಾಗಿ ಬರೆದು ಕಳಿಸುತ್ತಿದ್ದರು. “ಕಂಪ್ಯೂಟರ್ ಮನೇಲಿ ಇಟ್ಕೊಂಡು ಕೈಯಲ್ಲಿ ಗೀಚ್ತೀಯಲ್ಲ, ಜನ ನನಗೆ ಏನಂದಾರು?” ಎಂದು ಬೆನ್ನು ಹತ್ತಿ, ಬೈದು, ರಮಿಸಿ, ಆಕೆಯನ್ನು ಕೀಲಿಮಣೆಯ ಮುಂದೆ ಕೂರಿಸಿದವರು ಪರಮೇಶ್ವರಪ್ಪನವರೇ. ಈಗ ಕಥೆಯೆಲ್ಲ ಕಂಪ್ಯೂಟರಿನ ಒಳಗೆ. ಹೊರಗೆ ಒಂದು ಚೀಟಿಯೂ ಇಲ್ಲ.

ಆ ಧಾರಾವಾಹಿಯ ನಾಯಕನ ಹೆಸರು ಚಂದ್ರಮೌಳಿ. ಕಾಫಿ ಬೆಳೆಗಾರ. ಆಜಾನುಬಾಹು, ಮೃದುಭಾಷಿ, ಆಳುಕಾಳುಗಳ ಪಾಲಿನ ದೇವರು, ಹೆಂಡತಿ ಸುಮನಾಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡು ಆಮೇಲೆ ಉತ್ತರ ಕೊಡುವ ಅಪರೂಪದ ಗಂಡ. ಈ ಚಂದ್ರಮೌಳಿ ಬೇರೆ ಯಾರೂ ಅಲ್ಲ, ತಾನೇ ಎಂದು ಪರಮೇಶ್ವರಪ್ಪನವರು ಗೋಣಿಬೀಡಿನಿಂದ ಬಣಕಲ್‌ವರೆಗೆ ಸಾರಿಕೊಂಡು ಬಂದಿದ್ದರು. “ಎತ್ತರ ಒಂದು ಸ್ವಲ್ಪ ಹೆಚ್ಚು ಮಾಡಿದಾಳೆ, ಮಿಕ್ಕಿದ್ದೆಲ್ಲ ನಾನೇ!” ಪ್ರೇಮಕುಮಾರಿ ಇದನ್ನು ಹೌದೆಂದೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ.

ಹೋದ ವಾರದ ಕಂತು ನಿಂತಿದ್ದು ಎದೆ ನಡುಗಿಸುವ ಜಾಗದಲ್ಲಿ. ಚಾರ್ಮಾಡಿ ಘಾಟಿಯ ತಿರುವು, ಚಂದ್ರಮೌಳಿಯ ಜೀಪಿನ ಬ್ರೇಕು ಫೇಲು, ಎದುರಿಗೆ ಮದುವೆ ದಿಬ್ಬಣದ ಬಸ್ಸು! ಕಿರಾಣಿ ಅಂಗಡಿ ಚೌಡಯ್ಯನ ಬೆಂಚಿನ ಮೇಲೆ ಕೂತವರು ಒಂದು ವಾರದಿಂದ ಕಾಫಿ ರೇಟಿನ ಮಾತನ್ನೇ ಬಿಟ್ಟು ಜೀಪಿನ ಮಾತೇ ಆಡುತ್ತಿದ್ದರು. ಮನೆಗೆಲಸದ ತಿಮ್ಮಮ್ಮನಿಗೆ ಓದಲು ಬರುವುದಿಲ್ಲ, ಆದರೆ ಕಂತು ಕೇಳದೆ ಆಕೆಗೆ ಪೊರಕೆ ಓಡುವುದಿಲ್ಲ.

“ಅಮ್ಮಾ, ಜೀಪು ಎಂತಾಯ್ತು ಅಂತ ನಂಗೊಬ್ಬಳಿಗೆ ಹೇಳ್ರಲ್ಲ. ಯಾರ ಹತ್ರನೂ ಬಾಯಿ ಬಿಡಲ್ಲ.”

“ಮುಂದಿನ ವಾರ ಗೊತ್ತಾಗುತ್ತೆ ಕಣೇ.”

ಪರಮೇಶ್ವರಪ್ಪನವರಿಗೆ ಮಾತ್ರ ಆಗಲೇ ಗೊತ್ತಿತ್ತು. ಹೆಂಡತಿ ಟೈಪು ಮಾಡುವಾಗ ಹಿಂದೆ ನಿಂತು ಇಣುಕಿದ್ದರು. ಚಂದ್ರಮೌಳಿ ಜೀಪನ್ನು ರಸ್ತೆ ಬದಿಯ ಮಣ್ಣಿನ ಧರೆಗೆ ಉಜ್ಜಿ ನಿಲ್ಲಿಸುತ್ತಾನೆ, ದಿಬ್ಬಣ ಉಳಿಯುತ್ತದೆ, ಊರಿನವರು ಅವನಿಗೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುತ್ತಾರೆ. ಈ ಸನ್ಮಾನದ ಭಾಗ ಕಥೆಗೆ ಬಂದಿದ್ದೇ ಇವರ ಒತ್ತಾಯದಿಂದ. “ಹಾರ ಒಂದು ಸೇರಿಸು ಪ್ರೇಮಾ, ಏಲಕ್ಕಿ ಹಾರ!” ಅಂದಿದ್ದರು. ಆಕೆ ನಿಟ್ಟುಸಿರು ಬಿಟ್ಟು ಸೇರಿಸಿದ್ದರು.

ಎಲ್ಲ ಮುಗಿದು, ಪ್ರಿಂಟು ತೆಗೆಯಲು ಹೋದರೆ ಕಂಪ್ಯೂಟರ್ ಮುಷ್ಕರ ಹೂಡಿತು. ಡಿಸ್ಕ್ ತುಂಬಿದೆ, ಜಾಗ ಇಲ್ಲ, ಜಾಗ ಮಾಡಿಕೊಟ್ಟರೆ ಮುಂದಿನ ಮಾತು! ಸಂಜೆಯ ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಡಲೇಬೇಕು. ಸಂಪಾದಕರು ಮೊದಲೇ ಹೇಳಿಬಿಟ್ಟಿದ್ದರು, “ಒಂದು ವಾರ ತಪ್ಪಿತು ಅಂದ್ರೆ ಧಾರಾವಾಹಿ ನಿಲ್ಲಿಸಿಬಿಡ್ತೀನಿ ಅಮ್ಮ, ಸಾಲಿನಲ್ಲಿ ಬೇರೆಯವರು ಕಾಯ್ತಿದ್ದಾರೆ” ಅಂತ. ಪ್ರೇಮಕುಮಾರಿ ಗಂಡನ ಕಡೆ ತಿರುಗಿದರು.

“ರೀ, ಆ ನಿಮ್ಮ ಫೋಟೋಗಳನ್ನ ಸ್ವಲ್ಪ ತೆಗೀರಿ. ಅವೇ ಅರ್ಧ ಜಾಗ ತಿಂದಿರೋದು.”

ಮಾತು ಸತ್ಯ. ಸ್ಕ್ಯಾನರ್ ತಂದ ಹೊಸತರಲ್ಲಿ ಪರಮೇಶ್ವರಪ್ಪನವರು ತಮ್ಮ ಆಲ್ಬಮ್ಮನ್ನೆಲ್ಲ ಅದರ ಹೊಟ್ಟೆಗೆ ತುಂಬಿದ್ದರು. ಕಾಳುಮೆಣಸಿನ ಬಳ್ಳಿಯ ಪಕ್ಕ ಪರಮೇಶ್ವರಪ್ಪ, ಜೀಪಿನ ಮುಂದೆ ಪರಮೇಶ್ವರಪ್ಪ, ಮಂತ್ರಿಗಳ ಹಾರ ತುರಾಯಿ ಸಮಾರಂಭದಲ್ಲಿ ಮೂರನೇ ಸಾಲಿನಲ್ಲಿ ಅರ್ಧ ಕಿವಿ ಕಾಣುವಂತೆ ಪರಮೇಶ್ವರಪ್ಪ!

“ನೆರಳಿನ ಮರಾನ ಯಾರಾದ್ರೂ ಬುಡಕ್ಕೇ ಕಡೀತಾರೇನೇ?” ಎಂದು ಅವರು ಗುಡುಗಿದರು. “ಇದು ಮರಗಸಿ ಮಾಡೋ ಕೆಲಸ. ನಿಂಗೆ ಗೊತ್ತಾಗಲ್ಲ, ಕಡುಬು ನೋಡ್ಕೋ.”

ಮರಗಸಿ ಅವರ ತಲೆಯೊಳಗೆ ಹೊಕ್ಕಿದ್ದಕ್ಕೆ ಕಾರಣವಿತ್ತು. ಮೇ ತಿಂಗಳು. ಮಳೆ ಹಿಡಿಯುವ ಮುಂಚೆ ತೋಟದ ದೊಡ್ಡ ಮರಗಳ ಕೊಂಬೆ ಸವರಿ, ಕೆಳಗಿನ ಕಾಫಿ ಗಿಡಕ್ಕೆ ಬೆಳಕು ಬಿಡಿಸುವ ಕಾಲ. ಅವತ್ತೂ ಮನೆಯ ಪಕ್ಕದ ತೋಟದಲ್ಲಿ, ಆಳುಗಳ ಲೆಕ್ಕ ಬರೆದು ಕೆಲಸ ನೋಡಿಕೊಳ್ಳುವ ರೈಟರ್ ಶೇಷಪ್ಪ ಆಳುಗಳನ್ನು ಮರ ಹತ್ತಿಸಿ ಕೊಂಬೆ ಇಳಿಸುತ್ತಿದ್ದ. ಕಚಕ್ ಕಚಕ್ ಎಂದು ಕತ್ತಿಯ ಸದ್ದು ಕಿಟಕಿಯಿಂದ ಬರುತ್ತಿತ್ತು. ಅದೇ ತಾಳಕ್ಕೆ ಪರಮೇಶ್ವರಪ್ಪನವರೂ ಒಳಗೆ ಶುರುಮಾಡಿದರು.

ಮೊದಲು ಸಿಕ್ಕಿದ್ದು ಕಂಪ್ಯೂಟರಿನ ಸ್ವಂತ ಕೋಣೆ. ತೆರೆದು ನೋಡಿದರೆ ಬಾಲ ಉದ್ದ, ತಲೆ ಗಿಡ್ಡದ ಅದೆಷ್ಟೋ ಫೈಲುಗಳು, ಒಂದರ ಹೆಸರೂ ನಾಲಿಗೆಗೆ ಹೊರಳುವಂಥದ್ದಲ್ಲ!

“ಪ್ರೇಮಾ, ಇದೆಲ್ಲ ನೀನು ತಂದಿಟ್ಟಿದ್ದಾ?”

“ಯಾವುದು?” ಅಡಿಗೆಮನೆಯಿಂದ ಉತ್ತರ ಬಂತು. “ನಾನು ಕಥೆ ಬಿಟ್ಟು ಬೇರೇನೂ ಇಟ್ಟಿಲ್ಲ.”

“ನಾನೂ ಇಟ್ಟಿಲ್ಲ. ನೀನೂ ಇಟ್ಟಿಲ್ಲ. ಅಂದ ಮೇಲೆ ಇದು ಮನೆಯವರದ್ದಲ್ಲ. ಹೋಗಲಿ!”

“ರೀ! ಗೊತ್ತಿಲ್ಲದ್ದನ್ನ ಮುಟ್ಬೇಡಿ!”

“ಗೊತ್ತಿಲ್ಲದವರನ್ನ ಮನೇಲಿ ಇಟ್ಕೊಳ್ಳೋದು ಅದಕ್ಕಿಂತ ಅಪಾಯ ಮಾರಾಯ್ತಿ!”

ಕಚಕ್! ಕಚಕ್! ಕೆಲವು ಫೈಲುಗಳು ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ‘ಬಳಕೆಯಲ್ಲಿದೆ, ಅಳಿಸಲು ಬರುವುದಿಲ್ಲ’ ಎಂದು ಕಂಪ್ಯೂಟರ್ ಅಡ್ಡ ಬಂತು. “ಹಳೇ ಬೇರು, ಗಟ್ಟಿ ಇದೆ” ಎಂದು ಅವನ್ನು ಬಿಟ್ಟು ಪಕ್ಕದವನ್ನು ಸವರಿದರು. ಅರ್ಧ ಗಂಟೆಯಲ್ಲಿ ಆ ಕೋಣೆ ಬೋಳು ಬೋಳಾಯಿತು. ಬೆಳಕೇನೋ ಚೆನ್ನಾಗಿ ಬಿತ್ತು. ಆದರೆ ಜಾಗ ಮಾತ್ರ ಎಳ್ಳಷ್ಟೂ ಹೆಚ್ಚಲಿಲ್ಲ!

ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಪರಮೇಶ್ವರಪ್ಪನವರು ವಿಚಲಿತರಾಗಲಿಲ್ಲ. ಕಾಫಿ ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿದ ಕೂಡಲೇ ಗುಂಡಿ ಇಳಿಯುತ್ತದೆಯೇ? ಕೊಳೆಯಲು ಸ್ವಲ್ಪ ಹೊತ್ತು ಕೊಡಬೇಕು. ಅವರು ಎದ್ದು ಹೋಗಿ ಸಾವಧಾನವಾಗಿ ಕಡುಬು ತಿಂದರು, ಚಟ್ನಿ ಎರಡನೇ ಸಲ ಹಾಕಿಸಿಕೊಂಡರು, ಕಾಫಿ ಕುಡಿದರು, ಎಲೆಯಡಿಕೆಯನ್ನೂ ಮುಗಿಸಿ ಬಂದು ನೋಡಿದರು. ಬುಟ್ಟಿ ಹಾಗೇ ತುಂಬಿ ಕೂತಿತ್ತು. ಒಂದು ಎಲೆಯೂ ಕೊಳೆತಿರಲಿಲ್ಲ.

ಹಿಂದೆಯೇ ಬಂದ ಪ್ರೇಮಕುಮಾರಿ ಕೈ ಒರೆಸುತ್ತ ಕೇಳಿದರು, “ಆ ಬುಟ್ಟಿ ಖಾಲಿ ಮಾಡ್ಬೇಕಲ್ವಾ?”

“ಅದನ್ನೇ ಮಾಡೋಕೆ ಬಂದೆ. ಎಲ್ಲದಕ್ಕೂ ಒಂದು ಹದ ಇದೆ.”

ಬುಟ್ಟಿ ಖಾಲಿ ಮಾಡುವ ಮುಂಚೆ ಕಂಪ್ಯೂಟರ್ ಬಡಪಾಯಿ ಒಮ್ಮೆ ಕೇಳಿತು, ನಿಜವಾಗಲೂ ಅಳಿಸಲೇ ಅಂತ. “ನಮ್ಮ ಮನೇಲಿ ನನ್ನ ಮಾತಿಗೆ ಎದುರಾಡೋದು ಇದೊಂದೇ ವಸ್ತು!” ಎಂದು ಪರಮೇಶ್ವರಪ್ಪನವರು ಗುಂಡಿ ಒತ್ತಿದರು. ಪ್ರೇಮಕುಮಾರಿ ಸೂರಿನ ಕಡೆ ನೋಡಿದರು.

ಸರಿ, ಜಾಗ ಆಯಿತು. ನಿಜವಾಗಿಯೂ ಆಯಿತು! ಪ್ರೇಮಕುಮಾರಿಯ ಮುಖ ಅರಳಿತು.

“ಅಬ್ಬಾ! ಸಾಕು, ಏಳಿ. ಪ್ರಿಂಟು ಕೊಟ್ಬಿಡ್ತೀನಿ.”

ಓದುಗರೇ, ಈ ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಒಬ್ಬ ಸಾಮಾನ್ಯ ಗಂಡ ಆ ಕುರ್ಚಿಯಲ್ಲಿ ಇದ್ದಿದ್ದರೆ ಎದ್ದು ಹೋಗಿ ಪೇಪರ್ ಓದುತ್ತಿದ್ದ. ಆದರೆ ಕೂತಿದ್ದವರು ಪ್ರಮಾಣಪತ್ರ ಪಡೆದವರು!

“ಪ್ರಿಂಟಾ? ಈಗಲೇ? ಡಿಫ್ರಾಗ್ ಮಾಡದೇನೇ?”

“ಅದೆಂತದು?”

“ನೋಡು, ಗೋಡೌನಿನಲ್ಲಿ ಕಾಫಿ ಮೂಟೆಗಳನ್ನ ಸಿಕ್ಕಸಿಕ್ಕಲ್ಲಿ ಒಗೆದಿದ್ರೆ ಎಂತಾಗುತ್ತೆ? ಜಾಗ ಹಾಳು. ಹಂಗೇ ಇದೂನೂ. ನಿನ್ನ ಕಥೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಚೆಲ್ಲಾಡಿರುತ್ತೆ. ಜೀಪು ಒಂದು ಕಡೆ, ಬ್ರೇಕು ಒಂದು ಕಡೆ. ಎಲ್ಲ ತಂದು ಸಾಲಾಗಿ ಅಟ್ಟಿ ಹಾಕೋದೇ ಡಿಫ್ರಾಗು.”

“ಚೆಲ್ಲಾಡಿದ್ರೂ ನಂಗೆ ಓದೋಕೆ ಸರಿಯಾಗೇ ಬರ್ತಿತ್ತಲ್ಲ. ಮೊದಲು ಪ್ರಿಂಟು ತಕ್ಕೊಂಡು ಆಮೇಲೆ ಏನು ಬೇಕಾದ್ರೂ ಅಟ್ಟಿ ಹಾಕಿ.”

“ಅರ್ಧಂಬರ್ಧ ಕೆಲಸ ನನ್ನ ಜಾಯಮಾನದಲ್ಲೇ ಇಲ್ಲ. ಐದು ನಿಮಿಷ ತಾಳು!”

ಡಿಫ್ರಾಗ್ ಶುರುವಾಯಿತು. ಪರದೆಯ ತುಂಬ ಬಣ್ಣಬಣ್ಣದ ಪುಟಾಣಿ ಚೌಕಗಳು. ಒಂದೊಂದಾಗಿ ಎದ್ದು ಇನ್ನೊಂದು ಕಡೆ ಹೋಗಿ ಕೂರುತ್ತಿದ್ದವು. ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹಾಗೆ ಚೆಂದವಿತ್ತು ಬಿಡಿ. ಪರಮೇಶ್ವರಪ್ಪನವರು ಮೈಮರೆತು ನೋಡಿದರು. ಐದು ನಿಮಿಷ ಕಳೆಯಿತು, ಹದಿನೈದು ಕಳೆಯಿತು. ಬರುಬರುತ್ತ ಕಣ್ಣು ಎಳೆಯಿತು. ಅಷ್ಟರಲ್ಲಿ ಪರದೆಯ ಮೇಲೆ ಅವರದೇ ಫೋಟೋ ತೇಲಿಕೊಂಡು ಬಂತು! ಕಂಪ್ಯೂಟರನ್ನು ಯಾರೂ ಮುಟ್ಟದಿದ್ದಾಗ ತಮ್ಮ ಫೋಟೋಗಳೇ ಮೆರವಣಿಗೆ ಹೊರಡಲಿ ಎಂದು ಅವರೇ ಮಾಡಿಟ್ಟಿದ್ದ ಏರ್ಪಾಡು ಅದು. ಅವರು ಅಭಿಮಾನದಿಂದ ತಮ್ಮನ್ನು ತಾವೇ ನೋಡಿಕೊಂಡು ಮುಗುಳ್ನಕ್ಕು ಮೌಸ್ ಅಲ್ಲಾಡಿಸಿದರೆ, ಡಿಫ್ರಾಗ್ ನಿಂತಿದೆ! ಏನೋ ಬದಲಾಗಿದೆ, ಮತ್ತೆ ಮೊದಲಿನಿಂದ ಶುರು ಎಂದು ಕಂಪ್ಯೂಟರ್ ಹೇಳುತ್ತಿದೆ.

“ಯಾರು? ಯಾರು ಏನು ಮುಟ್ಟಿದ್ದು?”

ಮನೆಯಲ್ಲಿ ಇದ್ದವರು ಇಬ್ಬರೇ ಹೆಂಗಸರು. ಒಬ್ಬರು ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು, ಇನ್ನೊಬ್ಬಳು ಜಗುಲಿ ಗುಡಿಸುತ್ತಿದ್ದಳು.

“ತಿಮ್ಮಮ್ಮಾ! ಪೊರಕೆ ಕೆಳಗಿಡು! ನೆಲ ಅದುರ್ತಿದೆ!”

“ಅಯ್ಯೋ, ಪೊರಕೆಗೆ ನೆಲ ಅದುರುತ್ತಾ ಅಯ್ಯಾ?”

“ಇಲ್ಲಿ ಎಂಥ ಸೂಕ್ಷ್ಮ ಕೆಲಸ ನಡೀತಿದೆ ಗೊತ್ತಾ ನಿಂಗೆ? ಪ್ರೇಮಾ, ಮಿಕ್ಸಿ ಹಾಕ್ಬೇಡ. ಮೋಟರ್ ಹಾಕ್ಬೇಡ. ಫ್ರಿಜ್ಜಿನ ಬಾಗ್ಲು ತೆಗೀಬೇಡ. ಓಲ್ಟೇಜ್ ಬಿದ್ದು ಹೋಗುತ್ತೆ.”

“ಉಸಿರಾಡಬಹುದಾ?” ಎಂದು ಪ್ರೇಮಕುಮಾರಿ ಕೇಳಿದರು.

“ಮೆಲ್ಲಗೆ.”

ಹೀಗೆ ಆ ಮನೆಯಲ್ಲಿ ಸ್ವಯಂಘೋಷಿತ ಕರ್ಫ್ಯೂ ಜಾರಿಯಾಯಿತು. ಮಧ್ಯಾಹ್ನದ ಸಾರಿಗೆ ತೆಂಗಿನಕಾಯಿ ಒರಳಲ್ಲಿ ರುಬ್ಬಬೇಕಾಯಿತು. ಟ್ಯಾಂಕಿನ ನೀರು ಮುಗಿಯಿತು, ತಿಮ್ಮಮ್ಮ ಬಾವಿಯಿಂದ ಸೇದಿ ತಂದಳು. ಇಷ್ಟಾದರೂ ಡಿಫ್ರಾಗ್ ಸ್ವಲ್ಪ ದೂರ ಹೋಗುವುದು, ಪರಮೇಶ್ವರಪ್ಪನವರ ಫೋಟೋಗಳು ಮೆರವಣಿಗೆ ಹೊರಡುವುದು, ಡಿಫ್ರಾಗ್ ಹಿಂದಕ್ಕೆ ಬಂದು ಮೊದಲಿನಿಂದ ಶುರುವಾಗುವುದು! ಕೊನೆಗೆ ತಿಮ್ಮಮ್ಮನೇ ಬಾಗಿಲಲ್ಲಿ ನಿಂತು ರಾಗ ಎಳೆದಳು.

“ಅಯ್ಯನವ್ರ ಫೋಟೋ ಬಂದಾಗೆಲ್ಲ ಅದು ಬೆದರಿ ನಿಲ್ತದಲ್ಲಮ್ಮಾ...”

ಪರಮೇಶ್ವರಪ್ಪನವರು ಅವಳನ್ನು ದುರುಗುಟ್ಟಿ ನೋಡಿದರು. ಆದರೂ ಯಾವುದಕ್ಕೂ ಇರಲಿ ಎಂದು ಮೌಸನ್ನು ಬಿಡದೆ ಅಲ್ಲಾಡಿಸುತ್ತ ಕೂತರು. ಫೋಟೋ ಬರಲಿಲ್ಲ. ಡಿಫ್ರಾಗ್ ಸರಾಗವಾಗಿ ಮುಂದೆ ಹೋಯಿತು! ಕಾಲುಭಾಗ, ಅರ್ಧ, ಮುಕ್ಕಾಲು. ಮಧ್ಯಾಹ್ನದ ಊಟವನ್ನೂ ಎಡಗೈಯಲ್ಲಿ ಮೌಸ್ ಹಿಡಿದುಕೊಂಡೇ ಮುಗಿಸಿದರು.

“ಇನ್ನೇನು ಬಂತು ಪ್ರೇಮಾ, ಬಂದೇಬಿಡ್ತು. ನಿನ್ನ ಕಥೆ ಈಗ ಹೆಂಗೆ ಅಟ್ಟಿ ಕೂತಿರುತ್ತೆ ನೋಡು!”

ಆ ಹೊತ್ತಿಗೆ ಕಿಟಕಿಯಲ್ಲಿ ರೈಟರ್ ಶೇಷಪ್ಪನ ತಲೆ ಕಾಣಿಸಿತು.

“ಅಯ್ಯಾ, ಆ ಲೈನ್ ಕಂಬದ ಪಕ್ಕದ ಅತ್ತಿಮರ ಒಂದು ಉಳ್ಕೊಂಡಿದೆ. ಕೊಂಬೆ ತಂತಿ ಮೇಲೇ ಬಂದಿದೆ. ಲೈನ್‌ಮ್ಯಾನ್ ಗಿಡ್ಡಪ್ಪನಿಗೆ ಹೇಳಿ ಒಂದು ಗಳಿಗೆ ಕರೆಂಟ್ ತೆಗೆಸಿ ಕಡಿಸ್ಲಾ?”

‘ಕರೆಂಟ್ ತೆಗೆಸಿ’ ಎಂಬ ಎರಡು ಪದ ಕಿವಿಗೆ ಬಿದ್ದದ್ದೇ ತಡ, ಪರಮೇಶ್ವರಪ್ಪನವರು ಚೇಳು ಕುಟುಕಿದವರಂತೆ ಚೀರಿದರು.

“ಕರೆಂಟ್ ತೆಗೆಸ್ತೀಯಾ? ಇವತ್ತಾ? ಈಗ್ಲಾ? ಕರೆಂಟಿನ ತಂಟೆಗೆ ಹೋದ್ರೆ ಜಾಗ್ರತೆ!”

“ಹಂಗಾದ್ರೆ ಆ ಮರ ನಾಳೆಗೆ ಬಿಡ್ಲಾ ಅಯ್ಯಾ?”

“ಅರ್ಧಂಬರ್ಧ ಕೆಲಸ ಬೇಡ. ಇವತ್ತೇ ಮುಗಿಸು.”

“ಕರೆಂಟ್ ತೆಗೆಸ್ದೆ ಹೆಂಗಯ್ಯಾ...”

“ನಿನ್ನ ತಲೆ! ಕೊಂಬೆಗೆ ಹಗ್ಗ ಕಟ್ಟಿ ಈಚೆ ಕಡೆ ಎಳೆಸು ಮಾರಾಯಾ! ಎಲ್ಲ ನಾನೇ ಹೇಳ್ಕೊಡ್ಬೇಕಾ?”

ಶೇಷಪ್ಪ ತಲೆ ಕೆರೆದುಕೊಂಡ. “ಆಳುಗಳನ್ನ ದೂರ ನಿಲ್ಲಿಸಿ ಎಳೆಸ್ತೀನಿ. ಆಮೇಲೆ ನನ್ನ ಕೇಳ್ಬಾರ್ದು” ಎಂದು ಗೊಣಗಿಕೊಂಡು ಹೋದ. ಪ್ರೇಮಕುಮಾರಿ ಏನೋ ಹೇಳಲು ಬಾಯಿ ತೆರೆದರು. ಪರಮೇಶ್ವರಪ್ಪನವರು ಕೈ ಎತ್ತಿ ತಡೆದರು. ಕೊನೆಯ ಒಂದೆರಡು ಸಾಲು ಚೌಕಗಳು ಬಾಕಿ ಇದ್ದವು.

ಹೊರಗೆ ‘ಐಸಾ’ ಎಂದು ಕೂಗು ಕೇಳಿತು. ಕೊಂಬೆ ಚಟಚಟ ಎಂದಿತು. “ಈಚೆಗೆ! ಈಚೆಗೆ!” ಎಂದು ಶೇಷಪ್ಪ ಅರಚಿದ. ಕೊಂಬೆ ಒಂದು ಕ್ಷಣ ಯೋಚಿಸಿ ಆಚೆಗೇ ಹೋಯಿತು. ಢಬ್! ತಂತಿಯ ಮೇಲೆ ನೀಲಿ ಕಿಡಿ! ಒಳಗೆ ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ಕಂಪ್ಯೂಟರಿನ ಪರದೆ ‘ಟಿಕ್’ ಎಂದು ಒಂದು ಚುಕ್ಕೆಯಾಗಿ ಮಾಯವಾಯಿತು. ಕರೆಂಟು ಹೋದಾಗ ಕಾಪಾಡಲೆಂದು ತಂದಿದ್ದ ಯುಪಿಎಸ್ ಹೋದ ಮಳೆಗಾಲದಲ್ಲೇ ಪ್ರಾಣ ಬಿಟ್ಟಿತ್ತು, ಈಗ ಅದರ ಮೇಲೆ ಹೂದಾನಿ ಇತ್ತು.

ಪರಮೇಶ್ವರಪ್ಪನವರ ಕೈ ಮಾತ್ರ ಇನ್ನೂ ಮೌಸ್ ಅಲ್ಲಾಡಿಸುತ್ತಲೇ ಇತ್ತು.

ಗಿಡ್ಡಪ್ಪ ಸೈಕಲ್ ಮೇಲೆ ಬಂದು, ತಂತಿಯ ಕೆಳಗೆ ನಿಂತು, “ಕರೆಂಟ್ ಇರುವಾಗ್ಲೇ ಕಡಿಯಕ್ಕೆ ಹೇಳಿದ ಮಹಾನುಭಾವರು ಯಾರ್ರೀ?” ಎಂದು ಊರಿಗೆಲ್ಲ ಕೇಳುವ ಹಾಗೆ ವಿಚಾರಿಸಿದ. ಶೇಷಪ್ಪ ಆಕಾಶ ನೋಡಿದ. ತಂತಿ ಸರಿಹೋಗಿ ಕರೆಂಟು ಬರುವ ಹೊತ್ತಿಗೆ ನಾಲ್ಕು ಗಂಟೆ.

ಕಂಪ್ಯೂಟರಿಗೆ ಜೀವ ಬಂತು. ಅಂದರೆ ದೀಪ ಹತ್ತಿತು, ಗುಂಯ್ ಎಂದಿತು, ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಇಂಗ್ಲಿಷು ಮೂಡಿತು. ಯಾವುದೋ ಫೈಲು ಕಾಣುತ್ತಿಲ್ಲವಂತೆ. ಅಷ್ಟೇ. ಮುಂದಕ್ಕೆ ಒಂದಿಂಚೂ ಹೋಗಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಪರಮೇಶ್ವರಪ್ಪನವರು ಹೆಂಡತಿಯ ಕಡೆ ತಿರುಗಿದರು.

“ಹೆದರ್ಬೇಡ. ಮರಗಸಿ ಆದ ತಕ್ಷಣ ಗಿಡ ಚಿಗುರುತ್ತಾ? ಸ್ವಲ್ಪ ಹೊತ್ತು ಬಿಡ್ಬೇಕು.”

ಸ್ವಲ್ಪ ಹೊತ್ತು ಬಿಟ್ಟರು. ಚಿಗುರಲಿಲ್ಲ. ಕೊನೆಗೆ ಹೆಂಡತಿಗೆ ಕೇಳದ ಹಾಗೆ ಬೆನ್ನು ತಿರುಗಿಸಿ, ಕಂಪ್ಯೂಟರ್ ಮಾರಿದ ಮೂಡಿಗೆರೆಯ ರೇವಣ್ಣನಿಗೆ ಫೋನು ಹಚ್ಚಿದರು.

“ಸಾರ್, ಏನಾದ್ರೂ ಡಿಲೀಟ್ ಮಾಡಿದ್ರಾ?”

“ನಮ್ಮದಲ್ಲದ್ದು ಒಂದಷ್ಟಿತ್ತು. ತೆಗೆದೆ.”

“ಸಾರ್... ಆ ನಿಮ್ಮದಲ್ಲದ್ದೇ ಸಾರ್ ಅದನ್ನ ಓಡಿಸ್ತಿದ್ದಿದ್ದು!”

“ಈಗೆಂತ ಮಾಡೋದು?”

“ತಂದು ಬಿಟ್ಟು ಹೋಗಿ, ನಾಳಿದ್ದು ಫಾರ್ಮ್ಯಾಟ್ ಮಾಡಿ ಕೊಡ್ತೀನಿ. ಫಸ್ಟ್ ಕ್ಲಾಸ್ ಆಗುತ್ತೆ.”

“ಒಳಗಿರೋ ಕಥೆ?”

“ಅದು ಹೋಗುತ್ತೆ ಸಾರ್. ಎಲ್ಲ ಹೋಗುತ್ತೆ. ಆದ್ರೆ ಜಾಗ ಮಾತ್ರ ಬೇಕಾದಷ್ಟು ಸಿಗುತ್ತೆ!”

ಫೋನು ಇಟ್ಟು ತಿರುಗಿದರೆ ಪ್ರೇಮಕುಮಾರಿ ಹಿಂದೆಯೇ ನಿಂತಿದ್ದರು. ಬೈಯಲಿಲ್ಲ. ಅಳಲಿಲ್ಲ. ಹೆಂಡತಿ ಬೈದರೆ ಗಂಡನಿಗೆ ಒಂದು ನೆಲೆ ಇರುತ್ತದೆ, ವಾಪಸ್ ಬೈದು ಸರಿಮಾಡಿಕೊಳ್ಳಬಹುದು. ಸುಮ್ಮನಿದ್ದರೆ ಎಲ್ಲಿ ಹೋಗಿ ಸಾಯುವುದು? ವಾರವಿಡೀ ಆಕೆ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಒಂದೊಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಟ್ಟಿದ ಕಂತು ಅದು. ಪರಮೇಶ್ವರಪ್ಪನವರಿಗೆ ಮೊದಲ ಸಲ ನಿಜವಾಗಿಯೂ ಪಾಪ ಅನಿಸಿತು.

“ಪ್ರೇಮಾ... ತಪ್ಪಾಯ್ತು ಕಣೇ.”

ಆಕೆ ಗಡಿಯಾರ ನೋಡಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು.

“ಒಂದು ಪೆನ್ನು ಕೊಡಿ. ಹಾಳೆ ಕೊಡಿ.”

ಬಿಳಿ ಹಾಳೆ ಮನೆಯಲ್ಲಿ ಇರಲಿಲ್ಲ, ಪ್ರಿಂಟರಿಗೆ ತಂದದ್ದೆಲ್ಲ ಪರಮೇಶ್ವರಪ್ಪನವರ ಫೋಟೋ ಅಚ್ಚು ಹಾಕಿ ಮುಗಿದಿತ್ತು. ಕಡೆಗೆ ಬೆಳೆಗಾರರ ಸಂಘದ ಹಳೇ ನೋಟೀಸುಗಳ ಕಟ್ಟು ಸಿಕ್ಕಿತು. ಅದರ ಹಿಂಬದಿಯಲ್ಲಿ ಪ್ರೇಮಕುಮಾರಿ ಬರೆಯಲು ಕೂತರು. ಮೊದಲ ಪುಟ ಬರೆಯುವಾಗ ಹುಬ್ಬು ಗಂಟಿಕ್ಕಿತ್ತು. ಎರಡನೆಯ ಪುಟಕ್ಕೆ ಬರುವಾಗ ಗಂಟು ಬಿಚ್ಚಿತು. ಮೂರನೆಯ ಪುಟದಲ್ಲಿ ತುಟಿಯ ತುದಿಯಲ್ಲಿ ನಗು! ಆಮೇಲೆ ಪೆನ್ನು ನಿಲ್ಲಲೇ ಇಲ್ಲ.

ಪರಮೇಶ್ವರಪ್ಪನವರು ತಾವೇ ಅಡಿಗೆಮನೆಗೆ ಹೋಗಿ ಕಾಫಿ ಮಾಡಿ ತಂದರು. ಮೂರು ತಲೆಮಾರಿನಿಂದ ಕಾಫಿ ಬೆಳೆದ ಮನೆತನ, ಆದರೆ ಆ ಕಾಫಿಯನ್ನು ನೀವು ಕುಡಿಯಬಾರದಿತ್ತು. ಪ್ರೇಮಕುಮಾರಿ ಒಂದು ಗುಟುಕು ಕುಡಿದು ಲೋಟ ದೂರ ಸರಿಸಿದರು.

“ಜೀಪು ನಿಲ್ಲುತ್ತೆ ತಾನೇ?” ಇವರು ಮೆಲ್ಲಗೆ ವಿಚಾರಿಸಿದರು.

“ನಿಲ್ಲುತ್ತೆ.”

“ದಿಬ್ಬಣ?”

“ಎಲ್ಲರೂ ಉಳೀತಾರೆ.”

“ಚಂದ್ರಮೌಳಿ...?”

“ಅವನಿಗೇನು? ಗುಂಡುಕಲ್ಲಿನ ಹಾಗಿರ್ತಾನೆ. ಈಗ ಆಚೆ ಹೋಗ್ತೀರಾ, ಬಸ್ಸಿಗೆ ಹೊತ್ತಾಯ್ತು.”

ಕವರಿಗೆ ಆಕೆಯೇ ಗೋಂದು ಹಚ್ಚಿ ಒತ್ತಿದರು. ಪರಮೇಶ್ವರಪ್ಪನವರು ಜೀಪು ಓಡಿಸಿಕೊಂಡು ಹೋಗಿ ಕಂಡಕ್ಟರ್ ಕೈಗೆ ಕೊಟ್ಟು, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದರು. ಕಂತು ಉಳಿಯಿತು, ಧಾರಾವಾಹಿ ಉಳಿಯಿತು, ಸನ್ಮಾನವೂ ಉಳಿಯಿತು! ಎದೆಯ ಮೇಲಿನ ಭಾರ ಇಳಿದದ್ದೇ ಹಳೇ ಗತ್ತು ತಿರುಗಿ ಬಂತು. ವಾಪಸ್ ಬರುವಾಗಲೇ ಚೌಡಯ್ಯನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು.

“ಚೌಡಯ್ಯಾ, ಮುಂದಿನ ಕಂತು ನೋಡ್ತಾ ಇರು ಮಾರಾಯಾ. ನಾನು ಏನು ಅಂತ ಗೊತ್ತಾಗುತ್ತೆ ನಿಮಗೆಲ್ಲ!”

ಪತ್ರಿಕೆ ಬಂದ ದಿನ ಪರಮೇಶ್ವರಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅಭಿನಂದನೆ ಸ್ವೀಕರಿಸುವ ಮುಖ ಮಾಡಿಕೊಂಡು ಅಂಗಡಿಗೆ ಹೋದರು. ಬೆಂಚಿನ ಮೇಲಿದ್ದವರ ಮಾತು ಗಪ್ಪನೆ ನಿಂತಿತು. ಎಲ್ಲರೂ ಎದ್ದು ಜಾಗ ಬಿಟ್ಟರು. ಇಬ್ಬರು ಅವರ ರಟ್ಟೆ ಹಿಡಿದು ಜೋಪಾನವಾಗಿ ಕೂರಿಸಿದರು! ಚೌಡಯ್ಯ ಗಲ್ಲಾ ಬಿಟ್ಟು ಇಳಿದು ಬಂದು, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದ.

“ಅಣ್ಣಾ... ನಾನು... ಚೌಡಯ್ಯ. ಅಂಗಡಿ ಚೌಡಯ್ಯ. ಗುರುತು ಸಿಕ್ತಾ?”

“ಏನೋ ನಿನ್ನ ತಲೆ! ಇಪ್ಪತ್ತು ವರ್ಷದಿಂದ ನೋಡ್ತಿಲ್ವಾ ನಿನ್ನ?”

“ಅದನ್ನೆಲ್ಲ ನೆನೆಸ್ಕೊಳ್ಳೋಕೆ ಹೋಗಿ ಆಯಾಸ ಮಾಡ್ಕೋಬೇಡಿ ಅಣ್ಣಾ. ನಿಧಾನಕ್ಕೆ ಬರುತ್ತೆ.”

ಪರಮೇಶ್ವರಪ್ಪನವರು ಪತ್ರಿಕೆಯನ್ನು ಕಿತ್ತುಕೊಂಡು ಓದಿದರು. ಜೀಪು ನಿಂತಿತ್ತು. ರಸ್ತೆ ಬದಿಯ ಮರಕ್ಕೆ ಗುದ್ದಿ ನಿಂತಿತ್ತು. ದಿಬ್ಬಣ ಉಳಿದಿತ್ತು. ಚಂದ್ರಮೌಳಿಗೂ ಮೈಮೇಲೆ ಒಂದು ಗೀರಿಲ್ಲ, ಊಟ ನಿದ್ದೆ ಎಲ್ಲ ಮೊದಲಿಗಿಂತ ಚೆನ್ನ. ಆದರೆ ತಲೆಗೆ ಪೆಟ್ಟು ಬಿದ್ದು ನೆನಪೆಲ್ಲ ಅಳಿಸಿಹೋಗಿತ್ತು! ತೋಟ ಯಾವುದು, ಸಂಘ ಯಾವುದು, ತಾನು ಯಾವ ಯಾವ ವಿಷಯದಲ್ಲಿ ಪಂಡಿತ, ಒಂದೂ ನೆನಪಿಲ್ಲ. ಲೆಕ್ಕಾಚಾರ, ಯಜಮಾನಿಕೆ ಎಲ್ಲ ಈಗ ಸುಮನಾಳ ಕೈಯಲ್ಲಿ. ಆಕೆ ಏನು ಹೇಳಿದರೂ ಚಂದ್ರಮೌಳಿ ಮುಗ್ಧವಾಗಿ ತಲೆದೂಗಿ, “ಹೌದಾ? ನಂಗೆ ಗೊತ್ತೇ ಇರ್ಲಿಲ್ಲ” ಅನ್ನುತ್ತಾನೆ. ಸನ್ಮಾನ ನಡೆದಿತ್ತು, ಸುಮನಾಳಿಗೆ. ಏಲಕ್ಕಿ ಹಾರ ಸಮೇತ.

ಮನೆಗೆ ಬಂದವರೇ ಪರಮೇಶ್ವರಪ್ಪನವರು ಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟರು. ದನಿಯಲ್ಲಿ ಹೆಚ್ಚು ಜೋರಿರಲಿಲ್ಲ. ಜೋರು ಮಾಡುವ ಹಕ್ಕು ತಮಗೆ ಉಳಿದಿಲ್ಲವೆಂದು ಗೊತ್ತಿತ್ತು.

“ಪ್ರೇಮಾ, ಆಗಿದ್ದು ಆಯ್ತು. ಊರಲ್ಲಿ ನನ್ನ ಕೈ ಹಿಡಿದು ರಸ್ತೆ ದಾಟಿಸ್ತಿದಾರೆ. ಅವನಿಗೆ ನೆನಪು ಯಾವಾಗ ಬರುತ್ತೆ ಹೇಳು.”

“ಮುಂದಿನ ಕಂತಲ್ಲೇ ಬರಿಸೋಣ ಅಂತಿದ್ದೆ. ಆದ್ರೆ ಬೆಳಿಗ್ಗೆ ಸಂಪಾದಕರು ಫೋನ್ ಮಾಡಿದ್ರು.”

“ಎಂತಂತೆ?”

“ಯಾವ ಕಾರಣಕ್ಕೂ ಬರಿಸ್ಬಾರ್ದಂತೆ. ಬೆಂಗಳೂರಲ್ಲಿ ಪತ್ರಿಕೆ ಮೊದಲೇ ಬರುತ್ತಲ್ಲ, ಓದುಗರು, ಅದ್ರಲ್ಲೂ ಹೆಂಗಸರು, ಫೋನ್ ಮೇಲೆ ಫೋನ್ ಮಾಡ್ತಿದಾರಂತೆ. ಈಗಿರೋ ಗಂಡನೇ ಚೆನ್ನಾಗಿದಾನೆ, ಕೊನೇವರೆಗೂ ಹಿಂಗೇ ಇರ್ಲಿ ಅಂತ.”

ಪರಮೇಶ್ವರಪ್ಪನವರ ಮೀಸೆ ಕುಣಿಯಿತು. ಇಷ್ಟು ಹೊತ್ತು ಅದುಮಿಟ್ಟಿದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು.

“ಆ ಓದುಗರಿಗೆ ಏನು ಗೊತ್ತು? ಆ ಸಂಪಾದಕರಿಗೆ ಏನು ಗೊತ್ತು? ಕಥೆ ಹೆಂಗೆ ನಡೆಸ್ಬೇಕು ಅಂತ ನಾನು ಹೇಳ್ತೀನಿ ಕೇಳು! ಮೊದಲನೇದಾಗಿ...”

ಬಾಗಿಲಲ್ಲಿ ಗುಡಿಸುತ್ತಿದ್ದ ತಿಮ್ಮಮ್ಮನ ಪೊರಕೆ ಕೈಯಿಂದ ಜಾರಿತು.

“ಅಯ್ಯೋ ಅಮ್ಮಾ, ಕೆಟ್ವಿ! ಅಯ್ಯನವ್ರಿಗೆ ನೆನಪು ಬಂದೇಬಿಡ್ತು!”